ಕಳಚಿದ ರೆಕ್ಕೆಯ ಗುರುತು

ರೋಹಿಣಿ ಮಳೆ ಒಂದು ಹದ ಬಿದ್ದು ನಿಂತ ಮಾರನೆಯ ಬೆಳಗು. ತಿಪಟೂರು ಕಡೆಯ ನಮ್ಮೂರ ಮನೆಯ ಜಗಲಿ ಇನ್ನೂ ಆರಿರಲಿಲ್ಲ. ಹಿಂದಿನ ಸಂಜೆ ಕರೆಂಟು ಹೋಗಿ ಬಂದಾಗ ಬಲ್ಬನ್ನು ಮುತ್ತಿಕೊಂಡಿದ್ದ ಹುಳುಗಳ ರೆಕ್ಕೆಗಳು ಗೋಡೆಯಂಚಿಗೆ ಭತ್ತದ ಹೊಟ್ಟಿನ ಹಾಗೆ ಗುಡ್ಡೆಯಾಗಿದ್ದವು. ಪೊರಕೆ ಹಿಡಿದು ಅವನ್ನೆಲ್ಲ ಒಂದು ಕಡೆಗೆ ತಳ್ಳುತ್ತಿದ್ದ ಅಮ್ಮ ಥಟ್ಟನೆ ಕೈ ತಡೆದಳು.

"ಇಲ್ಲಿ ನೋಡೋ, ಎಷ್ಟು ದಪ್ಪ ಗೊದ್ದ!"

ಹೊಸಲಿನ ಬುಡದಲ್ಲಿ, ಒದ್ದೆ ನೆಲದ ಮೇಲೆ, ಕಪ್ಪಗೆ ಮಿರುಗುವ ಒಂದು ಇರುವೆ ಗೋಡೆಯನ್ನು ತಡವುತ್ತಾ ಹೊರಟಿತ್ತು. ಎಲ್ಲಿಗೋ ಹೋಗಲೇಬೇಕಾದವರ ನಡಿಗೆ ಅದು. ಬಿರುಕು ಕಂಡಲ್ಲಿ ತಲೆ ತೂರಿಸುವುದು, ಮನಸ್ಸಿಗೆ ಬಾರದೆ ಹಿಂದೆ ಸರಿಯುವುದು, ಮತ್ತೆ ಮುಂದಕ್ಕೆ ಹೊರಡುವುದು. ನಾನು ಗಾಜಿನ ಲೋಟವನ್ನು ಬೋರಲು ಹಾಕಿ, ಶೆಲ್ಫಿನ ಮೇಲಿದ್ದ ಮದುವೆಯ ಕರೆಯೋಲೆಯೊಂದರ ದಪ್ಪ ಕಾಗದವನ್ನು ಮೆಲ್ಲಗೆ ಅಡಿಗೆ ಸರಿಸಿದೆ. ರಜಕ್ಕೆ ಬಂದಿದ್ದ ಅಣ್ಣನ ಮಗಳು ಅಷ್ಟರಲ್ಲಿ ಬಂದು ಮೊಣಕಾಲೂರಿ ಕೂತಾಗಿತ್ತು.

"ಚಿಕ್ಕಪ್ಪ, ಇದು ರಾಣಿ ಇರುವೇನಾ?"

"ನಿನಗೆ ಯಾಕೆ ಹಾಗನ್ನಿಸ್ತು?"

"ದಪ್ಪ ಇದೆಯಲ್ಲ!"

ಅಮ್ಮ ನಡುವೆ ಬಾಯಿ ಹಾಕಿದಳು. "ರಾಣಿಯೋ ಏನೋ ನಂಗೆ ಗೊತ್ತಿಲ್ಲ. ನೋಡಿದ್ರೆ ಬಸುರಿ ಇದ್ದ ಹಾಗಿದೆ. ಆಟ ಆಡಿಸಿ ಕೊಂದುಗಿಂದು ಬಿಟ್ಟೀರ!"

ಅಮ್ಮ ಯಾವ ಪುಸ್ತಕವನ್ನೂ ನೋಡಿರಲಿಲ್ಲ. ನಡಿಗೆ ನೋಡಿಯೇ ಹೇಳಿದ್ದಳು. ಆ ಮಾತು ಅಕ್ಷರಶಃ ನಿಜವೆಂದು ನನಗೆ ಖಾತ್ರಿಯಾಗಲು ಮುಂದಿನ ಅರ್ಧ ತಾಸು ಬೇಕಾಯಿತು.

ಗಾತ್ರವೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಗೊದ್ದದ ಒಂದೇ ಗೂಡಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಕೆಲಸಗಾರ್ತಿಯೂ ಇರುತ್ತದೆ, ಅದರ ಎರಡರಷ್ಟು ಉದ್ದದ, ತಲೆ ದಪ್ಪಗಿರುವ ಕೆಲಸಗಾರ್ತಿಯೂ ಇರುತ್ತದೆ. ಆ ದಪ್ಪತಲೆಯದನ್ನು ಕಂಡು ಇದೇ ರಾಣಿ ಎಂದುಕೊಳ್ಳುವವರು ಬಹಳ. ಮಳೆಗಾಲದ ದೀಪದ ಸುತ್ತ ಇನ್ನೂ ಹಲವು ವೇಷಗಳು ಬರುತ್ತವೆ. ಗೆದ್ದಲಿನ ರೆಕ್ಕೆಹುಳುವಿಗೆ ಸೊಂಟವೇ ಇಲ್ಲ, ಎದೆ ಹೊಟ್ಟೆ ಎಲ್ಲ ಒಂದೇ ಸಮ. ಅದರ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ಕುಡಿಮೀಸೆ ಮಣಿ ಪೋಣಿಸಿದಂತೆ ನೇರ. ಇರುವೆಯದಾದರೆ ಸೊಂಟ ಸಣ್ಣ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದು, ಕುಡಿಮೀಸೆ ಮೊಣಕೈಯಂತೆ ಮಡಿಚಿರುತ್ತದೆ. ದೀಪಕ್ಕೆ ಧೊಪ್ಪನೆ ಬಂದು ಬೀಳುವ, ಉದ್ದ ಹೊಟ್ಟೆಯ, ಕಂದು ಬಣ್ಣದ ಹುಳುವೊಂದಿದೆ. ಕಣಜವೋ ರಾಣಿಯೋ ಎಂದು ನೋಡಿದವರು ಗೊಂದಲಕ್ಕೆ ಬೀಳುತ್ತಾರೆ. ಅದು ಡೋರಿಲಸ್ ಎಂಬ ನೆಲದಡಿಯ ಇರುವೆಯ ಗಂಡು. ಆ ಕುಲದ ರಾಣಿಗೆ ಹುಟ್ಟಿನಿಂದಲೇ ರೆಕ್ಕೆಯಿಲ್ಲ, ಆಕೆ ಎಂದೂ ಹಾರುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಎದೆಯನ್ನು ನೋಡಬೇಕು.

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಡಚುವ ಮಸೂರವೊಂದು ನನ್ನಲ್ಲಿದೆ. ಅದನ್ನು ಮಗುವಿನ ಕೈಗೆ ಕೊಟ್ಟು, ಕಣ್ಣಿಗೆ ಒತ್ತಿ ಹಿಡಿದುಕೊಂಡು ಲೋಟದ ಬಳಿಗೆ ಬಾಗು ಎಂದೆ. ಕೆಲಸಗಾರ್ತಿ ಇರುವೆಯ ಎದೆ ಸಪೂರ, ಪಕ್ಕದಿಂದ ನೋಡಿದರೆ ಒಂದೇ ಇಳಿಜಾರು. ಇದರದು ಹಾಗಲ್ಲ. ಬೆನ್ನು ಗೂನಿನಂತೆ ಉಬ್ಬಿ, ಮೇಲುಗಡೆ ಅಗಲವಾದ ಫಲಕ, ಅದರ ಹಿಂದೆ ಇನ್ನೊಂದು ಪುಟ್ಟ ಫಲಕ, ಎರಡನ್ನೂ ಕೂಡಿಸುವ ಹೊಲಿಗೆಯಂಥ ಗೆರೆ. ಅಷ್ಟು ದೊಡ್ಡ ಎದೆ ಇರುವುದು ಹಾರುವ ಸ್ನಾಯುಗಳಿಗಾಗಿ. ನೆಲದ ಮೇಲೆ ನಡೆದಾಡುವ ಜೀವಕ್ಕೆ ಅಷ್ಟು ಸ್ನಾಯು ಬೇಕಿಲ್ಲ. ಈಗ ರೆಕ್ಕೆ ಇಲ್ಲದಿರಬಹುದು, ಎದೆ ಮಾತ್ರ ಹಾರಾಟವನ್ನು ಮರೆತಿಲ್ಲ.

"ಚಿಕ್ಕಪ್ಪ, ಪಕ್ಕದಲ್ಲಿ ಏನೋ ಗಾಯ ಆದ ಹಾಗಿದೆ."

ಮಗು ತಾನಾಗಿಯೇ ಕಂಡಿತ್ತು. ಎದೆಯ ಇಕ್ಕೆಲದಲ್ಲಿ ಮೊಂಡು ಮೊಂಡಾದ ಅಂಚುಗಳು, ಎಲೆ ಉದುರಿದ ಮೇಲೆ ಕೊಂಬೆಯಲ್ಲಿ ಉಳಿಯುವ ಕಲೆಯ ಹಾಗೆ. ಒಂದೊಂದು ಪಕ್ಕಕ್ಕೆ ಎರಡು, ಒಟ್ಟು ನಾಲ್ಕು. ಅಲ್ಲಿ ರೆಕ್ಕೆಗಳಿದ್ದವು. ನಿನ್ನೆ ಸಂಜೆಯವರೆಗೂ ಇದ್ದವು.

ನಮ್ಮ ಶಾಲೆಯ ದಾಖಲೆಗಳಲ್ಲಿ ಒಂದು ಸಾಲಿರುತ್ತಿತ್ತು: ಗುರುತಿನ ಚಿಹ್ನೆಗಳು. ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ, ಕಾಲು, ಕತ್ತು ನೋಡುತ್ತಿದ್ದರು. ಮಚ್ಚೆ ಸಿಕ್ಕರೆ ಮಚ್ಚೆ, ಇಲ್ಲವಾದರೆ ಗಾಯದ ಕಲೆ. ನನ್ನದು ಬಲ ಮೊಣಕಾಲಿನ ಕೆಳಗಿನ ಗಾಯದ ಕಲೆ, ಬಾವಿಕಟ್ಟೆಯಿಂದ ಬಿದ್ದಾಗ ಆದದ್ದು. ನಾನು ಯಾರೆಂಬುದಕ್ಕೆ ಸರ್ಕಾರದ ಕಾಗದದಲ್ಲಿ ಸಾಕ್ಷಿ ಹೇಳಿದ್ದು ನಾನು ಬಿದ್ದ ಜಾಗ. ಕನ್ನಡದ ಈ ಪದವನ್ನು ನಾನು ಎಷ್ಟೋ ವರ್ಷ ಬಳಸಿದ್ದರೂ ನಿಂತು ನೋಡಿರಲಿಲ್ಲ. ಗುರುತು ಎಂದರೆ ಕಲೆ, ಮಚ್ಚೆ, ಹಚ್ಚಿದ ಗೆರೆ. ಗುರುತು ಎಂದರೆ ಪರಿಚಯವೂ ಹೌದು. 'ಗುರುತು ಸಿಕ್ಕಿತೇ?' ಎಂದು ಕೇಳಿದರೆ 'ನಾನು ಯಾರೆಂದು ತಿಳಿಯಿತೇ?' ಎಂದರ್ಥ. ಮೈಮೇಲೆ ಉಳಿದದ್ದಕ್ಕೂ ಮನಸ್ಸಿಗೆ ಹೊಳೆಯುವುದಕ್ಕೂ ನಮ್ಮ ಹಿರೀಕರು ಒಂದೇ ಮಾತನ್ನು ಇಟ್ಟರು. ಆ ಬೆಳಗ್ಗೆ ಜಗಲಿಯ ಮೇಲೆ ಆ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಕೂಡಿದ್ದನ್ನು ಕಂಡೆ. ಇದು ರಾಣಿಯೆಂಬುದಕ್ಕೆ ಗುರುತು ಆಕೆಯ ಬಳಿ ಇರುವುದರಲ್ಲಿರಲಿಲ್ಲ, ಆಕೆ ಕಳಚಿಟ್ಟು ಬಂದದ್ದರಲ್ಲಿತ್ತು.

ಆ ರೆಕ್ಕೆಗಳನ್ನು ಯಾರೂ ಕಿತ್ತದ್ದಲ್ಲ. ಗಾಳಿಗೆ ಮುರಿದದ್ದೂ ಅಲ್ಲ. ಬುಡದಲ್ಲಿ ಮೊದಲೇ ಒಂದು ಮೆದುವಾದ ಗೆರೆ ಇರುತ್ತದೆ, ಅಂಚೆಚೀಟಿಯ ಹಾಳೆಯಲ್ಲಿ ತೂತು ಕೊರೆದ ಸಾಲಿನಂತೆ. ಗಂಡಿನೊಡನೆ ಕೂಡಿ ನೆಲಕ್ಕಿಳಿದ ಮೇಲೆ ಆಕೆ ತನ್ನ ಕಾಲುಗಳಿಂದ ರೆಕ್ಕೆಯನ್ನು ಒತ್ತಿ, ನೆಲಕ್ಕೆ ಅದುಮಿ, ತಾನೇ ಮುರಿದುಕೊಳ್ಳುತ್ತಾಳೆ. ಸ್ವಿಟ್ಜರ್ಲೆಂಡಿನ ಪಿಯರ್ ಹ್ಯೂಬರ್ 1810ರಲ್ಲಿ ಪ್ರಕಟಿಸಿದ ತನ್ನ ಇರುವೆಗಳ ಪುಸ್ತಕದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದ. ಇರುವೆಗೆ ರೆಕ್ಕೆ ಬಂದರೆ ಸಾವು ಹತ್ತಿರ ಎಂಬ ಮಾತು ನಮ್ಮಲ್ಲಿದೆ. ಗಂಡಿರುವೆಯ ಮಟ್ಟಿಗೆ ಅದು ನಿಜ, ಹಾರಾಟ ಮುಗಿದ ಒಂದೆರಡು ದಿನದೊಳಗೆ ಅದರ ಕಥೆ ಮುಗಿಯುತ್ತದೆ. ಹೆಣ್ಣುಗಳಲ್ಲೂ ಬಹುಪಾಲು ಹಕ್ಕಿಗೆ, ಹಲ್ಲಿಗೆ, ಕಪ್ಪೆಗೆ, ಬೇರೆ ಇರುವೆಗಳಿಗೆ ಆಹಾರವಾಗುತ್ತವೆ. ಉಳಿದ ಕೆಲವಕ್ಕೆ ಮಾತ್ರ ರೆಕ್ಕೆ ಬಂದು ಹೋದ ಮೇಲೆ ಬದುಕು ಶುರುವಾಗುತ್ತದೆ.

ರಾಣಿ ಎಂಬುದು ಗೊತ್ತಾಯಿತು, ಯಾವ ಕುಲದ್ದು ಎಂಬ ಪ್ರಶ್ನೆ ಉಳಿಯಿತು. ಅದನ್ನೂ ಮೈಯೇ ಹೇಳಬೇಕು. ಮೊದಲು ಸೊಂಟ. ಎದೆಗೂ ಹೊಟ್ಟೆಗೂ ನಡುವೆ ಒಂದೇ ಗಂಟು ಇದೆಯೋ, ಎರಡು ಇವೆಯೋ? ಎರಡಿದ್ದರೆ ಅದು ಮನೆಯ ಸಕ್ಕರೆ ಡಬ್ಬಿಗೆ ಬರುವ ಸಣ್ಣ ಇರುವೆಗಳು ಸೇರಿದ ದೊಡ್ಡ ಬಳಗ. ಇದಕ್ಕೆ ಒಂದೇ. ಆಮೇಲೆ ಹೊಟ್ಟೆಯ ತುದಿ. ಅಲ್ಲಿ ಮುಳ್ಳಿಲ್ಲ. ಸುತ್ತ ಸಣ್ಣ ರೋಮಗಳ ಉಂಗುರವಿರುವ ಒಂದು ದುಂಡನೆಯ ರಂಧ್ರವಿದೆ. ಚುಚ್ಚುವ ಬದಲು ಫಾರ್ಮಿಕ್ ಆಮ್ಲ ಚಿಮ್ಮಿಸುವ ಉಪಕುಟುಂಬದ ಗುರುತು ಅದು. ನಮ್ಮ ಮಲೆನಾಡಿನ ಚಗಳಿಯೂ ಇದೇ ಉಪಕುಟುಂಬದ್ದು. ಆದರೆ ಚಗಳಿಯ ರಾಣಿ ಹಸಿರು ಮೈಯವಳು, ಇವಳು ಕಪ್ಪು. ಕೊನೆಗೆ ಮುಖ. ಕುಡಿಮೀಸೆಗಳ ಬುಡ ಬಾಯಿಯ ಮೇಲಿನ ಫಲಕಕ್ಕೆ ತಾಗಿಕೊಂಡಿಲ್ಲ, ಸ್ವಲ್ಪ ಮೇಲಕ್ಕೆ ಸರಿದು ಹುಟ್ಟಿವೆ. ಇಷ್ಟೂ ಕೂಡಿದರೆ ಅದು ಕ್ಯಾಂಪೊನೋಟಸ್. 1861ರಲ್ಲಿ ಆಸ್ಟ್ರಿಯಾದ ಗುಸ್ತಾವ್ ಮೇಯರ್ ಇಟ್ಟ ಹೆಸರು, ಸಾವಿರಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ವಂಶ.

ಅಮ್ಮ ಗೊದ್ದ ಎಂದದ್ದು ಈ ವಂಶದ್ದನ್ನೇ. ನಮ್ಮ ತೆಂಗಿನ ಬುಡದಲ್ಲಿ, ಜಾಲಿಮರದ ಅಡಿಯಲ್ಲಿ, ಅಡುಗೆಮನೆಯ ಬೆಲ್ಲದ ಪಾತ್ರೆಯ ಸುತ್ತ ಓಡಾಡುವ ಕಪ್ಪು ಗೊದ್ದಕ್ಕೆ ಪುಸ್ತಕದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಅದನ್ನು 1787ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ವಿವರಿಸಿದ. 1851ರಲ್ಲಿ ಮದ್ರಾಸು ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ದಕ್ಷಿಣ ಭಾರತದ ಇರುವೆಗಳ ಮೊದಲ ದೊಡ್ಡ ಪಟ್ಟಿ ಬರೆದ. ಬಿಂಗ್ಹ್ಯಾಮ್ 1903ರಲ್ಲಿ ಅಂದಿನ ಬ್ರಿಟಿಷ್ ಇಂಡಿಯಾದ ಇರುವೆಗಳನ್ನೇ ಮುಖ್ಯವಾಗಿಟ್ಟು ಒಂದು ಸಂಪುಟ ಬರೆದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಸ್ತಾಕ್ ಅಲಿಯವರು ಕರ್ನಾಟಕದ ಇರುವೆಗಳನ್ನು ವರ್ಷಗಟ್ಟಲೆ ಹೆಕ್ಕಿ ಜೋಡಿಸಿದರು. 2006ರಲ್ಲಿ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಭಾರತದ ಪರ್ಯಾಯದ್ವೀಪದ ಇರುವೆಗಳಿಗೆ ಒಂದು ಕೈಪಿಡಿ ಮಾಡಿಕೊಟ್ಟರು. ಇಡೀ ಭಾರತದ ಲೆಕ್ಕ ಹಿಡಿದರೆ ಜಾತಿ ಉಪಜಾತಿಗಳು 800ಕ್ಕೂ ಮೇಲೆ. ಇಷ್ಟು ಜನ ಇಷ್ಟು ಕಾಲ ಬಾಗಿ ನೋಡಿದ್ದರಿಂದ ನಮ್ಮ ಜಗಲಿಯ ಮೇಲೆ ಅರ್ಧ ತಾಸಿನಲ್ಲಿ ಒಂದು ಹೆಸರಿನ ಹತ್ತಿರ ಬರಲು ಸಾಧ್ಯವಾಯಿತು. ಒಂದು ಮಸೂರದ ಹಿಂದೆ ಎಷ್ಟು ಕಣ್ಣುಗಳಿರುತ್ತವೆ ಎಂದು ನೆನೆದರೆ ಮನಸ್ಸು ತುಂಬಿಬರುತ್ತದೆ.

ಹತ್ತಿರ ಬಂದೆ ಎಂದೆ, ಮುಟ್ಟಿದೆ ಎನ್ನಲಿಲ್ಲ. ಅದಕ್ಕೆ ಕಾರಣವಿದೆ. ಇರುವೆಯ ಜಾತಿ ಪತ್ತೆಹಚ್ಚುವ ಕೋಷ್ಟಕಗಳನ್ನು ಬಹುಮಟ್ಟಿಗೆ ಕೆಲಸಗಾರ್ತಿಯರನ್ನು ನೋಡಿ ಬರೆದಿದ್ದಾರೆ. ಎಷ್ಟೋ ಜಾತಿಗಳ ರಾಣಿಯನ್ನು ಯಾರೂ ಸರಿಯಾಗಿ ವಿವರಿಸಿಲ್ಲ. ಮಣ್ಣಿನ ಮೇಲೆ ಒಂಟಿಯಾಗಿ ಸಿಕ್ಕ ರಾಣಿಯ ವಂಶ ಹೇಳಬಹುದು. ಜಾತಿಯನ್ನು ಖಚಿತವಾಗಿ ಹೇಳಬೇಕಾದರೆ ಅವಳ ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಹೊರಗೆ ಬಂದು ಕಾಣಿಸಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ನಮ್ಮೂರಲ್ಲಿ ಹೆಂಗಸರನ್ನು ಹಾಗೇ ಗುರುತಿಸುತ್ತಾರೆ: ರಂಗನ ಅವ್ವ, ಜಯಮ್ಮನ ಅಮ್ಮ. ಅವರ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಮಕ್ಕಳ ಮೂಲಕ ತಾಯಿಯ ಹೆಸರು ತಿಳಿಯುವ ಈ ಕ್ರಮ ಇರುವೆಯ ಲೋಕದಲ್ಲೂ ಇದೆಯೆಂಬುದು ನನಗೆ ಬರಿಯ ಹೋಲಿಕೆಯಾಗಿ ಕಾಣುವುದಿಲ್ಲ. ಒಂದು ಜೀವ ಯಾವುದೆಂದು ತಿಳಿಯಲು ಅದರ ಮೈ ಸಾಲದು, ಅದರಿಂದ ಏನು ಹೊರಟಿತು ಎಂಬುದನ್ನೂ ನೋಡಬೇಕು.

ಮೂರು ವರ್ಷದ ಹಿಂದೆ ಇಂಥದೇ ಒಂದು ರಾಣಿಯನ್ನು ನಾನು ಗಾಜಿನ ಪ್ರನಾಳದಲ್ಲಿ ಇಟ್ಟು ನೋಡಿದ್ದೆ. ತಳದಲ್ಲಿ ಸ್ವಲ್ಪ ನೀರು, ಅದನ್ನು ತಡೆಯುವ ಹತ್ತಿ, ನಡುವೆ ಅವಳು, ಬಾಯಿಗೆ ಮತ್ತೊಂದು ಹತ್ತಿ. ಕತ್ತಲೆಯ ಕಪಾಟಿನಲ್ಲಿ ಇಟ್ಟು, ವಾರಕ್ಕೊಮ್ಮೆ ಮಾತ್ರ ತೆಗೆದು ನೋಡುತ್ತಿದ್ದೆ. ತಿನ್ನಲು ಏನೂ ಕೊಡಲಿಲ್ಲ, ಕೊಡುವ ಅಗತ್ಯವೂ ಇಲ್ಲ. ಗೊದ್ದದ ರಾಣಿ ನೆಲದೊಳಗೆ ಒಂದು ಕೋಣೆ ಕೊರೆದು, ಒಳಗಿನಿಂದ ಬಾಗಿಲು ಮುಚ್ಚಿಕೊಂಡರೆ ಮೊದಲ ಮಕ್ಕಳು ಹೊರಬರುವವರೆಗೆ ಅನ್ನನೀರಿಗೆ ಹೊರಗೆ ಬರುವುದಿಲ್ಲ. ಮಕ್ಕಳಿಗೆ ಊಟ ಎಲ್ಲಿಂದ? ಆ ದೊಡ್ಡ ಎದೆಯಿಂದ. ಹಾರಲು ಕಟ್ಟಿದ ಸ್ನಾಯುಗಳು ಒಳಗೊಳಗೇ ಕರಗುತ್ತವೆ. ಮೈಯ ಕೊಬ್ಬಿನ ಜೊತೆ ಸೇರಿ ಮೊಟ್ಟೆಯಾಗುತ್ತವೆ, ಮರಿಹುಳುವಿನ ಬಾಯಿಗೆ ತುತ್ತಾಗುತ್ತವೆ. ಫ್ರಾನ್ಸಿನ ಶಾರ್ಲ್ ಜಾನೆ 1907ರಲ್ಲಿ ರಾಣಿ ಇರುವೆಯ ಎದೆಯನ್ನು ಪದರ ಪದರವಾಗಿ ಸೀಳಿ, ಹಾರುವ ಸ್ನಾಯು ಹೇಗೆ ಅಳಿಯುತ್ತದೆ ಎಂಬುದನ್ನು ತೋರಿಸಿಕೊಟ್ಟ.

ಒಂದೇ ಸಂಜೆಯ ಹಾರಾಟಕ್ಕಾಗಿ ಅಷ್ಟು ಸ್ನಾಯು ಏಕೆ ಎಂದು ನಾವು ಕೇಳಬಹುದು. ಆ ಸ್ನಾಯುವಿಗೆ ಎರಡು ಕೆಲಸ. ಮೊದಲು ಆಕಾಶಕ್ಕೆ ಎತ್ತುತ್ತದೆ, ಆಮೇಲೆ ತೊಟ್ಟಿಲು ತೂಗುತ್ತದೆ. ರೆಕ್ಕೆ ಕಳಚಿದ ಮೇಲೂ ಹಾರಾಟ ವ್ಯರ್ಥವಾಗುವುದಿಲ್ಲ, ಅದು ಹಾಲಾಗಿ ಮುಂದುವರಿಯುತ್ತದೆ.

ಆರನೆಯ ವಾರ ಕಪಾಟಿನಿಂದ ಪ್ರನಾಳ ತೆಗೆದಾಗ ಕಂದು ಬಣ್ಣದ ರೇಷ್ಮೆಗೂಡಿನಂಥ ಕೋಶವೊಂದನ್ನು ಆಕೆ ದವಡೆಯಿಂದ ಹರಿಯುತ್ತಿದ್ದಳು. ಒಳಗಿನಿಂದ ತೆಳು ಬಣ್ಣದ, ಕಾಲು ನೆಟ್ಟಗೆ ಊರಲಾರದ, ಮೈಯೆಲ್ಲ ಮಡಿಕೆಬಿದ್ದ ಪುಟ್ಟ ಇರುವೆ ಹೊರಬಂತು. ಬೆಳೆದ ಗೂಡಿನ ಕೆಲಸಗಾರ್ತಿಯರಿಗಿಂತ ಬಹಳ ಸಣ್ಣದು. ತಾಯಿಯ ಬಳಿ ಇದ್ದದ್ದರಲ್ಲಿ ಅಷ್ಟು ಮಾತ್ರ ಮಾಡಲು ಸಾಧ್ಯ. ಎರಡು ದಿನ ಕಳೆದ ಮೇಲೆ ಹತ್ತಿಯ ಪಕ್ಕದಲ್ಲಿ ಒಂದು ಹನಿ ಜೇನು ಇಟ್ಟೆ. ಆ ಪುಟ್ಟದು ಬಂದು ಮುಟ್ಟಿ ನೋಡಿತು, ಕುಡಿಯಿತು, ಹೊಟ್ಟೆ ತಿಳಿಯಾಗಿ ಉಬ್ಬಿತು. ತಿರುಗಿ ಹೋಗಿ ತಾಯಿಯ ಮುಂದೆ ನಿಂತು ದವಡೆ ತೆರೆಯಿತು. ಬಾಯಿಗೆ ಬಾಯಿ ಕೊಟ್ಟು ಇಬ್ಬರೂ ಬಹಳ ಹೊತ್ತು ಅಲುಗಾಡದೆ ನಿಂತರು. ಆರು ವಾರದ ಉಪವಾಸ ಮುಗಿದದ್ದು ಮಗಳ ತುತ್ತಿನಿಂದ. ಅದನ್ನು ನೋಡಿದ ಮೇಲೆ ನನಗೆ ಪ್ರನಾಳವನ್ನು ಕಪಾಟಿನಲ್ಲಿ ಇಡಲಾಗಲಿಲ್ಲ. ಆ ಸಂಜೆಯೇ ತೋಟದಲ್ಲಿ ಬಿಟ್ಟು ಬಂದೆ.

ಆಕೆ ಹೊತ್ತು ತಂದದ್ದು ಸ್ನಾಯುವನ್ನಷ್ಟೇ ಅಲ್ಲ. ಆ ಒಂದೇ ಸಂಜೆ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ಇಟ್ಟುಕೊಂಡು ಬದುಕಿನುದ್ದಕ್ಕೂ ಖರ್ಚು ಮಾಡುತ್ತಾಳೆ. ಮತ್ತೆ ಕೂಡುವುದಿಲ್ಲ. ವೀರ್ಯ ಸೋಕಿದ ಮೊಟ್ಟೆ ಹೆಣ್ಣಾಗುತ್ತದೆ, ಸೋಕದ್ದು ಗಂಡಾಗುತ್ತದೆ. ಅಂದರೆ ಗಂಡಿರುವೆಗೆ ತಂದೆಯಿಲ್ಲ, ತಾಯಿಯ ತಂದೆ ಮಾತ್ರ ಇದ್ದಾನೆ. ಇನ್ನೊಂದು ಬುತ್ತಿಯೂ ಇದೆ. ಗೊದ್ದದ ಕರುಳಿನ ಗೋಡೆಯ ಜೀವಕೋಶಗಳಲ್ಲಿ ಬ್ಲಾಕ್ಮಾನಿಯಾ ಎಂಬ ಸೂಕ್ಷ್ಮಾಣು ವಾಸಿಸುತ್ತದೆ, ಅದಿಲ್ಲದಿದ್ದರೆ ಗೂಡು ಸರಿಯಾಗಿ ಬೆಳೆಯುವುದಿಲ್ಲ. ಊಟದಲ್ಲಿ ಕೊರತೆಯಾದ ಪೋಷಕಾಂಶಗಳನ್ನು ಅದು ತಯಾರಿಸಿಕೊಡುತ್ತದೆ. ಅದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮಗಳಿಗೆ ಇಳಿದು ಬರುತ್ತಲೇ ಇದೆ. ತವರಿನಿಂದ ಹೆಪ್ಪು ತಂದು ಹೊಸ ಮನೆಯಲ್ಲಿ ಮೊಸರು ಮಾಡುವ ಮದುಮಗಳ ಹಾಗೆ ಈ ರಾಣಿ ತನ್ನ ಕುಲದ ಹೆಪ್ಪನ್ನು ಹೊತ್ತು ಒಂಟಿಯಾಗಿ ಹೊರಟಿದ್ದಾಳೆ. ಲೋಟದೊಳಗೆ ಗಾಜು ತಡವುತ್ತಿದ್ದದ್ದು ಒಂದು ಹುಳು ಎಂದು ನೋಡಿದ್ದೆವು. ಅಲ್ಲಿದ್ದದ್ದು ಇನ್ನೂ ಹುಟ್ಟದ ಒಂದು ಊರು.

ರಾಣಿ ಎಂಬ ಹೆಸರೂ ನಾವು ಕೊಟ್ಟದ್ದು. ಜೇನುಗೂಡಿನ ದೊಡ್ಡ ಹುಳುವನ್ನು ಅರಿಸ್ಟಾಟಲ್ ಅರಸನೆಂದೇ ಕರೆದ. ಆಳುವವನು ಗಂಡೇ ಇರಬೇಕೆಂಬ ಎಣಿಕೆ ಶತಮಾನಗಳವರೆಗೆ ನಡೆಯಿತು. 1609ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ ಜೇನುಗೂಡನ್ನು ಹೆಣ್ಣಿನ ರಾಜ್ಯವೆಂದು ಕರೆದು ಪುಸ್ತಕ ಬರೆದ. ಅರಸ ಹೋಗಿ ರಾಣಿ ಬಂದಳು, ಸಿಂಹಾಸನ ಮಾತ್ರ ಹಾಗೇ ಉಳಿಯಿತು. ಇರುವೆಯ ಗೂಡಿನಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ದಾರಿ ಹುಡುಕುವವರು, ಮಣ್ಣು ಹೊರುವವರು, ಮರಿ ನೋಡುವವರು ವಾಸನೆಯಿಂದ, ಕುಡಿಮೀಸೆಯ ಸ್ಪರ್ಶದಿಂದ ಒಬ್ಬರಿಂದೊಬ್ಬರು ಸುದ್ದಿ ತಿಳಿದು ನಡೆಯುತ್ತಾರೆ. ರಾಣಿ ಕತ್ತಲಲ್ಲಿ ಕೂತು ಮೊಟ್ಟೆಯಿಡುತ್ತಾಳೆ. ಅಮ್ಮ ಬಳಸಿದ ಬಸುರಿ ಎಂಬ ಪದವೇ ರಾಣಿಗಿಂತ ಸತ್ಯಕ್ಕೆ ಹತ್ತಿರ.

ಗುರುತು ಸಿಕ್ಕಿತೆಂದು ನಿಶ್ಚಿಂತರಾಗುವ ಹೊತ್ತಿಗೆ ನಮ್ಮ ನೆಲವೇ ಇನ್ನೊಂದು ಒಗಟು ಒಡ್ಡುತ್ತದೆ. ಡಯಾಕಮ್ಮ ಎಂಬ ಇರುವೆ ಬೆಂಗಳೂರಿನ ಸುತ್ತಮುತ್ತ ಸಿಗುತ್ತದೆ. ಈ ಕುಲದಲ್ಲಿ ರಾಣಿಯೇ ಇಲ್ಲ. ಹುಟ್ಟುವ ಹೆಣ್ಣುಗಳೆಲ್ಲ ಒಂದೇ ರೂಪ, ಪ್ರತಿಯೊಂದರ ಎದೆಯ ಎರಡು ಪಕ್ಕದಲ್ಲೂ ರೆಕ್ಕೆಯ ಉಳಿಕೆಯಂಥ ಒಂದೊಂದು ಪುಟ್ಟ ಮೊಗ್ಗು. ಮೊಟ್ಟೆಯಿಡುವ ಒಬ್ಬಳು ಮಾತ್ರ ತನ್ನ ಮೊಗ್ಗುಗಳನ್ನು ಉಳಿಸಿಕೊಂಡಿರುತ್ತಾಳೆ, ಹೊಸದಾಗಿ ಹುಟ್ಟಿದವರ ಮೊಗ್ಗುಗಳನ್ನು ಕಚ್ಚಿ ಹಾಕುತ್ತಾರೆ. ಮೊಗ್ಗು ಹೋದವಳ ನಡತೆಯೇ ಬದಲಾಗಿ ಆಕೆ ದುಡಿಯುವವಳಾಗುತ್ತಾಳೆ. ಗೊದ್ದದಲ್ಲಿ ರೆಕ್ಕೆ ಕಳೆದುಕೊಂಡವಳು ತಾಯಿ, ಡಯಾಕಮ್ಮದಲ್ಲಿ ಕಳೆದುಕೊಳ್ಳದೆ ಉಳಿಸಿಕೊಂಡವಳು ತಾಯಿ. ಒಂದೇ ಕಲೆ, ಎರಡು ಮನೆಗಳಲ್ಲಿ ತಿರುಗುಮುರುಗು ಅರ್ಥ.

ಜೆರ್ಡನ್ 1851ರಲ್ಲಿ ಹೆಸರಿಟ್ಟ ಜಿಗಿಯುವ ಇರುವೆ, ಹಾರ್ಪೆಗ್ನಾಥಸ್ ಸಾಲ್ಟೇಟರ್, ಇನ್ನೂ ವಿಚಿತ್ರ. ಅದರ ರಾಣಿ ಸತ್ತರೆ ಕೆಲಸಗಾರ್ತಿಯರು ಕುಡಿಮೀಸೆಯಿಂದ ಒಬ್ಬರನ್ನೊಬ್ಬರು ಬಡಿದು ವಾರಗಟ್ಟಲೆ ಸೆಣಸುತ್ತಾರೆ. ಗೆದ್ದವರ ಮಿದುಳು ಸುಮಾರು ಕಾಲುಭಾಗ ಕುಗ್ಗಿ, ಅಂಡಾಶಯ ಹಿಗ್ಗಿ, ಅವರು ಮೊಟ್ಟೆಯಿಡಲು ತೊಡಗುತ್ತಾರೆ. ಏಳು ತಿಂಗಳ ಆಯುಸ್ಸು ನಾಲ್ಕು ವರ್ಷದವರೆಗೆ ಚಾಚುತ್ತದೆ. ಆ ಪಟ್ಟದಿಂದ ಇಳಿಸಿದರೆ ಮಿದುಳು ಮತ್ತೆ ಬೆಳೆಯುತ್ತದೆ ಎಂಬುದು 2021ರಲ್ಲಿ ಪ್ರಕಟವಾಯಿತು. ಇಂಥವಳ ಎದೆಯನ್ನು ಮಸೂರದಲ್ಲಿ ನೋಡಿದರೆ ಏನು ಗುರುತು ಸಿಕ್ಕೀತು? ಹೊರಗೆ ಏನೂ ಬದಲಾಗಿರುವುದಿಲ್ಲ. ಬೆರಗು ಅಜ್ಞಾನದಿಂದ ಹುಟ್ಟುತ್ತದೆ, ತಿಳಿದ ಮೇಲೆ ಆರುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಅನುಭವ ಬೇರೆ. ಆ ಬೆಳಗ್ಗೆ ಒಂದೊಂದು ಉತ್ತರ ಸಿಕ್ಕಾಗಲೂ ಮಗು ಮಸೂರವನ್ನು ಇನ್ನಷ್ಟು ಹತ್ತಿರಕ್ಕೆ ಒಯ್ಯುತ್ತಿತ್ತು. ಹೆಸರು ತಿಳಿದ ಮೇಲೆ ಅದು ಲೋಟದ ಮುಂದಿನಿಂದ ಎದ್ದು ಹೋಗಲಿಲ್ಲ.

ಗುರುತು ಹಿಡಿಯುವುದಕ್ಕೆ ಇನ್ನೊಂದು ದಾರಿಯೂ ಇದೆ, ಅದು ನನ್ನನ್ನು ಕಳವಳಗೊಳಿಸುತ್ತದೆ. 2025ರಲ್ಲಿ ಕೀನ್ಯಾದ ನೈವಾಶಾ ಊರಿನ ಬಳಿ ಬೆಲ್ಜಿಯಂನ ಇಬ್ಬರು ಹದಿಹರೆಯದವರ ಕೈಯಲ್ಲಿ ಸುಮಾರು 5,000 ಇರುವೆಗಳು ಸಿಕ್ಕವು, ಅವುಗಳಲ್ಲಿ ಬಹುಪಾಲು ರಾಣಿಯರು. ಎಲ್ಲವೂ ಹತ್ತಿ ತುಂಬಿದ ಪ್ರನಾಳಗಳಲ್ಲಿದ್ದವು. ಅಲ್ಲಿನ ಕಾಳುಸಂಗ್ರಹಿಸುವ ದೊಡ್ಡ ಕೆಂಪಿರುವೆಗೆ ಯುರೋಪು, ಏಷ್ಯಾದ ಸಾಕುವವರಲ್ಲಿ ಒಳ್ಳೆಯ ಬೆಲೆ. ನ್ಯಾಯಾಲಯ ಇದನ್ನು ಜೀವಸಂಪತ್ತಿನ ಕಳ್ಳಸಾಗಣೆಯೆಂದು ಕಂಡು ಅವರಿಗೂ, ಅಂಥದೇ ಪ್ರಕರಣದ ಇನ್ನಿಬ್ಬರಿಗೂ ತಲಾ 10 ಲಕ್ಷ ಕೀನ್ಯಾ ಶಿಲಿಂಗ್ ದಂಡ ಹಾಕಿತು, ಕಟ್ಟದಿದ್ದರೆ ಒಂದು ವರ್ಷ ಸೆರೆ. ಅವರಿಗೂ ಗುರುತು ಹಿಡಿಯುವುದು ಚೆನ್ನಾಗಿ ತಿಳಿದಿತ್ತು. ರೆಕ್ಕೆಯ ಕಲೆ ನೋಡಿದರೆ ಅವರಿಗೂ ರಾಣಿಯೇ ಕಾಣುತ್ತಿತ್ತು. ಒಂದೊಂದು ಪ್ರನಾಳದ ಹಿಂದೆ ನೆಲದೊಳಗೆ ಹುಟ್ಟಬೇಕಿದ್ದ ಒಂದೊಂದು ಊರು ಕಾಣಲಿಲ್ಲ ಅಷ್ಟೆ. ಗುರುತಿಸುವುದು ಎಂದರೆ ಚೀಟಿ ಅಂಟಿಸಿ ನಮ್ಮದನ್ನಾಗಿ ಮಾಡಿಕೊಳ್ಳುವುದೂ ಆಗಬಹುದು, ನಮ್ಮದಲ್ಲವೆಂದು ತಿಳಿದು ದಾರಿ ಬಿಡುವುದೂ ಆಗಬಹುದು. ಇರುವೆ ಸಾಕುವ ಎಲ್ಲರನ್ನೂ ನಾನು ದೂರುವುದಿಲ್ಲ. ಇಂಗ್ಲೆಂಡಿನ ಜಾನ್ ಲುಬ್ಬಕ್ ತನ್ನ ಮನೆಯಲ್ಲಿ ಒಂದು ರಾಣಿಯನ್ನು 15 ವರ್ಷದ ಹತ್ತಿರ ಕಾಪಾಡಿ ನೋಡದಿದ್ದರೆ, ಇನ್ನೊಬ್ಬರ ಮನೆಯಲ್ಲಿ ಒಂದು ರಾಣಿ 28 ವರ್ಷಕ್ಕೂ ಮೀರಿ ಬಾಳದಿದ್ದರೆ, ಇಷ್ಟು ಪುಟ್ಟ ಜೀವಕ್ಕೆ ಅಷ್ಟು ದೀರ್ಘ ಆಯುಸ್ಸು ಇದೆಯೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಅಷ್ಟು ವರ್ಷ ಒಂದು ಜೀವದ ಜೊತೆ ಕೂತವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಮಗುವಿಗೆ ಮೂರು ವರ್ಷದ ಹಿಂದಿನ ಪ್ರನಾಳದ ಕಥೆ ಹೇಳಿದೆ. ಬಾಯಿಗೆ ಬಾಯಿ ಕೊಟ್ಟು ನಿಂತ ತಾಯಿ ಮಗಳ ವಿಷಯ ಕೇಳಿ ಅದು ಸ್ವಲ್ಪ ಹೊತ್ತು ಸುಮ್ಮನಿತ್ತು.

"ಹಾಗಾದ್ರೆ ಇವಳನ್ನ ಬಿಟ್ಟುಬಿಡೋಣ ಚಿಕ್ಕಪ್ಪ. ಎಲ್ಲಿ ಬಿಡೋದು?"

ಅಂಗಳದ ಮೂಲೆಯ ತೆಂಗಿನ ಮರದ ಬುಡಕ್ಕೆ ಹೋದೆವು. ಮಳೆಗೆ ಮಣ್ಣು ಮೆದುವಾಗಿತ್ತು. ಲೋಟ ಓರೆ ಮಾಡಿದಾಗ ಆಕೆ ಒಮ್ಮೆ ಕುಡಿಮೀಸೆಯನ್ನು ಮುಂಗಾಲಿನಿಂದ ನೀವಿಕೊಂಡು ಇಳಿದಳು. ಬೇರಿನ ಸಂದಿಯನ್ನು ಎರಡು ಸಲ ಸುತ್ತಿ ಬಂದು, ಕೊಳೆತ ಮಟ್ಟೆಯೊಂದರ ಅಂಚಿನಲ್ಲಿ ನಿಂತು, ದವಡೆಯಿಂದ ಒಂದು ಚೂರು ಮಣ್ಣು ಕಚ್ಚಿ ಪಕ್ಕಕ್ಕೆ ಇಟ್ಟಳು. ಆಮೇಲೆ ಇನ್ನೊಂದು, ಮತ್ತೊಂದು. ಸಾಸಿವೆಗಾತ್ರದ ಉಂಡೆಗಳು ಒಂದು ಕಡೆ ಸೇರುತ್ತಾ ಹೋದವು. ಮೊದಲು ತಲೆ ಮರೆಯಾಯಿತು, ಆಮೇಲೆ ನಾಲ್ಕು ಕಲೆಗಳಿದ್ದ ಎದೆ, ಕೊನೆಗೆ ಅಮ್ಮ ದೂರದಿಂದಲೇ ಕಂಡಿದ್ದ ಆ ತುಂಬಿದ ಹೊಟ್ಟೆ. ಮಗುವಿನ ಕಾಲು ಜೋಮು ಹಿಡಿದಿರಬೇಕು, ಆದರೂ ಏಳಲಿಲ್ಲ. ಒಳಗಿನಿಂದ ಒಂದು ಉಂಡೆ ಮಣ್ಣು ಬಂದು ತೂತಿನ ಬಾಯಿಗೆ ಕೂತಿತು, ಅದರ ಮೇಲೆ ಇನ್ನೊಂದು. ಅಲ್ಲಿ ಬಾಗಿಲಿತ್ತೆಂದು ಹೇಳಲು ಏನೂ ಉಳಿಯಲಿಲ್ಲ.

"ನಾಳೆ ಗೊತ್ತಾಗೋದು ಹೇಗೆ?" ಎಂದು ಮಗು ಕೇಳಿತು. ಸುತ್ತ ನೋಡಿ, ಹಳೆಯ ಹೆಂಚಿನ ಚೂರೊಂದನ್ನು ಹೆಕ್ಕಿ ತಂದು, ಮಣ್ಣು ಕುಸಿಯದಂತೆ ಒಂದು ಗೇಣು ಆಚೆಗೆ ನೆಟ್ಟಿತು. "ಇದು ಗುರುತು" ಎಂದಿತು.

ಮಾರನೆಯ ದಿನ ಬೆಳಗಿನ ಜಾವ ಎಚ್ಚರವಾದಾಗ ಅಂಗಳದಲ್ಲಿ ಪೊರಕೆಯ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ನೋಡಿದೆ. ಅಮ್ಮ ಎಂದಿನಂತೆ ಬೇಲಿಯ ಕಡೆಯಿಂದ ಗುಡಿಸಿಕೊಂಡು ಬರುತ್ತಿದ್ದಳು. ತೆಂಗಿನ ಬುಡಕ್ಕೆ ಬಂದಾಗ ಪೊರಕೆ ನಿಧಾನವಾಯಿತು. ಹೆಂಚಿನ ಚೂರಿನ ಸುತ್ತ ಒಂದು ಮೊಳದಷ್ಟು ನೆಲವನ್ನು ಕಸದ ಸಮೇತ ಹಾಗೆಯೇ ಬಿಟ್ಟು, ಬಳಸಿಕೊಂಡು ಮುಂದೆ ಹೋದಳು.